ಆ ದ್ವೀಪದಲ್ಲಿ ಅಮ್ಮ ದಾಳಿಂಬೆ ತಿಂದಳೆ?

ಪಕ್ಕದ ಮನೆಯವರ ದಾಳಿಂಬೆ ಗಿಡದ ಎರಡು ಕೊಂಬೆ ಬೇಲಿ ದಾಟಿ ನಮ್ಮ ಹಿತ್ತಲಿಗೆ ಬಾಗಿವೆ. ಇಲ್ಲಿ ಆಸ್ಟ್ರೇಲಿಯಾದಲ್ಲಿ ಬೇಸಿಗೆ ಮುಗಿದು ಏಪ್ರಿಲ್ ಬಂತೆಂದರೆ ಹಣ್ಣು ಕೆಂಪಾಗುತ್ತದೆ. ಅಮ್ಮನ ಕುರ್ಚಿ ಇರುವುದು ಅಡುಗೆಮನೆಯ ಕಿಟಕಿಯ ಬಳಿ. ಅಲ್ಲಿ ಕೂತರೆ ಮೊದಲು ಕಣ್ಣಿಗೆ ಬೀಳುವುದು ಆ ಕೊಂಬೆಗಳೇ. ಈ ವರ್ಷ ಹಣ್ಣು ಬಲಿತ ಮೇಲೆ ಅಮ್ಮ ದಿನಾ ಬೆಳಿಗ್ಗೆ ಕೇಳತೊಡಗಿದಳು.

“ದಾಳಿಂಬೆ ಹಣ್ಣಾಗಿದೆ ನೋಡೋ. ಒಂದು ಕಿತ್ಕೊಡು.”

ಕೀಳುವುದಕ್ಕೆ ಅಡ್ಡಿ ಇರಲಿಲ್ಲ. ಬೇಲಿಯ ಈಚೆ ಬಂದದ್ದೆಲ್ಲ ನಿಮ್ಮದೇ ಎಂದು ಪಕ್ಕದ ಮನೆಯ ಅಜ್ಜ ನಾವು ಅಡಿಲೇಡ್‌ನ ಮಾಡ್ಬರಿಗೆ ಬಂದ ಹೊಸತರಲ್ಲೇ ಹೇಳಿದ್ದರು. ಆದರೆ ಅಮ್ಮ ದಾಳಿಂಬೆಯನ್ನು ಗಯೆಯಲ್ಲಿ ಬಿಟ್ಟವಳು.

ಗಯೆಗೆ ಹೋದವರಿಗೆ ಇದು ಗೊತ್ತು. ಪಿಂಡ ಇಟ್ಟು ಮುಗಿದ ಮೇಲೆ ಅಲ್ಲಿನ ಆಲದ ಮರದ ಕೆಳಗೆ, ತೀರಿಕೊಂಡವರ ಹೆಸರಿನಲ್ಲಿ ಒಂದು ಹಣ್ಣನ್ನೋ ತರಕಾರಿಯನ್ನೋ ಬಿಡಬೇಕು. ಬಿಟ್ಟ ಮೇಲೆ ಬದುಕಿರುವವರೆಗೆ ಅದನ್ನು ಮುಟ್ಟುವಂತಿಲ್ಲ. ಜಾಣರು ತಮಗೆ ಇಷ್ಟವಿಲ್ಲದ್ದನ್ನೇ ಬಿಟ್ಟು ಬರುತ್ತಾರೆ. ಅಪ್ಪ ಹೋದ ಮಾರನೆಯ ವರ್ಷ ನಾವು ಮೂವರು ಹೋಗಿದ್ದೆವು, ಅಮ್ಮ, ನಾನು, ನನ್ನ ತಮ್ಮ. ತಮ್ಮ ಹಾಗಲಕಾಯಿ ಬಿಟ್ಟ. ನಾನು ಬೇಲದ ಹಣ್ಣು ಬಿಟ್ಟೆ, ಆಸ್ಟ್ರೇಲಿಯಾದಲ್ಲಿ ಅದು ಎಲ್ಲಿ ಸಿಗಬೇಕು! ಅಮ್ಮನ ಸರದಿ ಬಂದಾಗ ಅವಳು ಒಂದು ಕ್ಷಣವೂ ಯೋಚಿಸದೆ “ದಾಳಿಂಬೆ” ಅಂದಳು. ಪುರೋಹಿತರೇ ತಲೆಯೆತ್ತಿ ನೋಡಿದರು.

ಮೈಸೂರಿನ ಮನೆಯಲ್ಲಿ ದಾಳಿಂಬೆ ಬಿಡಿಸುವುದು ಅಪ್ಪನ ಕೆಲಸ. ಬ್ಯಾಂಕಿನಿಂದ ಬಂದು ಕಾಫಿ ಕುಡಿದು ಪೇಪರು ಹಾಸಿಕೊಂಡು ಕೂರುತ್ತಿದ್ದರು. ಸಿಪ್ಪೆಯನ್ನು ಹೋಳು ಹೋಳಾಗಿ ಸೀಳಿ, ಕಾಳು ಒಡೆಯದಂತೆ ಬಟ್ಟಲಿಗೆ ಉದುರಿಸಿ, ಬಿಳಿ ಪೊರೆಯನ್ನು ಒಂದೊಂದಾಗಿ ತೆಗೆದು ಬಟ್ಟಲನ್ನು ಅಮ್ಮನ ಮುಂದೆ ಇಡುತ್ತಿದ್ದರು. ಅಮ್ಮ ಒಂದಿಷ್ಟು ತಿಂದು, “ಇನ್ನು ನಿಮಗಿರ್ಲಿ” ಅಂತ ತಳ್ಳುತ್ತಿದ್ದಳು. ಮಕ್ಕಳಾದ ನಮಗೆ ಅದರಲ್ಲಿ ಪಾಲಿರಲಿಲ್ಲ. ಆ ಬಟ್ಟಲು ಅವರಿಬ್ಬರ ನಡುವೆಯೇ ಓಡಾಡುತ್ತಿತ್ತು. ಅಮ್ಮ ಗಯೆಯಲ್ಲಿ ಬಿಟ್ಟಿದ್ದು ಅದನ್ನು.

ಈಗ ಅಮ್ಮನಿಗೆ ಮರೆವು. ಎರಡು ವರ್ಷದಿಂದ ಹೆಚ್ಚುತ್ತಿದೆ. ಗಯೆ ಅವಳಿಗೆ ನೆನಪಿಲ್ಲ. ಅಪ್ಪ ಹೋದದ್ದೂ ನೆನಪಿಲ್ಲ. “ನಿಮ್ಮಪ್ಪ ಎಲ್ಲಿ?” ಅಂತ ಕೇಳಿದರೆ ನಾವು “ವಾಕಿಂಗ್ ಹೋಗಿದಾರೆ” ಅನ್ನುತ್ತೇವೆ. ಆಸ್ಪತ್ರೆಯ ಡಾಕ್ಟರೇ ಹಾಗೆ ಹೇಳಿಕೊಟ್ಟಿದ್ದು, ತಿದ್ದಬೇಡಿ, ನೋವು ಕೊಡಬೇಡಿ ಎಂದು. ಹಾಗಿರುವಾಗ ದಾಳಿಂಬೆ ಕೊಡಬೇಕೋ ಬೇಡವೋ?

ಯೂನಿವರ್ಸಿಟಿಗೆ ಹೋಗುವ ನನ್ನ ಮಗಳಿಗೆ ಇದು ಪ್ರಶ್ನೆಯೇ ಅಲ್ಲ. “ಜಸ್ಟ್ ಗಿವ್ ಹರ್ ದ ಫ್ರೂಟ್, ಡ್ಯಾಡ್” ಅಂದಳು.

ನನಗೆ ವ್ರತಗಳಲ್ಲಿ ನಂಬಿಕೆಯಿಲ್ಲ. ಓದಿದ್ದು ಭೌತಶಾಸ್ತ್ರ. ಸ್ಯಾಲಿಸ್‌ಬರಿಯ ಹತ್ತಿರ ಒಂದು ಕಾರ್ಖಾನೆಯಲ್ಲಿ ಅಳತೆಯ ಉಪಕರಣಗಳು ಸರಿಯಾಗಿ ತೋರಿಸುತ್ತಿವೆಯೇ ಎಂದು ಪರೀಕ್ಷಿಸುವುದು ನನ್ನ ಕೆಲಸ. ಬೇಲದ ಹಣ್ಣು ಈಗ ಸಿಕ್ಕಿದರೆ ತಿನ್ನಲು ನನಗೇನೂ ಹಿಂಜರಿಕೆಯಿಲ್ಲ. ಆದರೆ ಅಮ್ಮನ ಮಾತು ಅಮ್ಮನದು. ನಂಬಿಕೆಯಿಲ್ಲದವನು ನಂಬಿದವಳ ಮಾತನ್ನು, ಅವಳಿಗೆ ಅದು ನೆನಪಿಲ್ಲದ ಹೊತ್ತಿನಲ್ಲಿ, ಮುರಿಯಬಹುದೆ? ಹಣ್ಣನ್ನು ಕಿತ್ತು ಮೇಜಿನ ಮೇಲೆ ಇಟ್ಟು, ಮತ್ತೆ ಎತ್ತಿ ಗರಾಜಿನಲ್ಲಿ ಮುಚ್ಚಿಟ್ಟೆ. ಆಗ ನನಗೆ ಗ್ರೀಸಿನ ಆ ದ್ವೀಪದ ದಿನ ನೆನಪಾಯಿತು, ಒಂದು ಬಿಡುಗಡೆಯ ಹಾಗೆ. ಅಮ್ಮ ಆ ವ್ರತವನ್ನು ತಾನೇ ಮುಗಿಸಿಬಿಟ್ಟಿದ್ದಳಲ್ಲ! ನಾನು ಕಣ್ಣಾರೆ ಕಂಡಿದ್ದೆನಲ್ಲ!

ಪರ್ತ್‌ನಲ್ಲಿರುವ ಅಕ್ಕನಿಗೆ ಫೋನು ಮಾಡಿದೆ.

“ಅಕ್ಕ, ಅಮ್ಮ ದಾಳಿಂಬೆ ಕೇಳ್ತಿದಾಳೆ. ಕೊಟ್ಬಿಡ್ತೀನಿ. ಹೇಗೂ ಗ್ರೀಸಲ್ಲಿ ತಿಂದಿದ್ಲಲ್ಲ.”

“ಗ್ರೀಸಲ್ಲಿ ತಿಂದಿದ್ಲಾ? ಯಾರು ಹೇಳಿದ್ದು ನಿನಗೆ?” ಅಕ್ಕನ ದನಿ ಆಗಲೇ ಏರಿತ್ತು. “ಒಂದೊಂದು ಕಾಳೂ ಆರಿಸಿ ತೆಗೆದ್ಲು. ನನ್ನ ಕೈಗೇ ಹಾಕಿದ್ಲು. ಅಂಟಂಟಾಗಿತ್ತು ಕೈ.”

ಆ ದಿನ ನಡೆದದ್ದರಲ್ಲಿ ನಾವಿಬ್ಬರೂ ಒಪ್ಪುವ ಭಾಗವನ್ನು ಮೊದಲು ಬರೆಯುತ್ತೇನೆ.

ಅಪ್ಪ ಹೋದ ಮೇಲೆ ಅಮ್ಮ ಮನೆಯಿಂದ ಹೊರಗೇ ಬರುತ್ತಿಲ್ಲವೆಂದು ಅಕ್ಕನೇ ಆ ಹಡಗಿನ ಪ್ರವಾಸ ಗೊತ್ತುಮಾಡಿದ್ದಳು. ಗಯೆಗೆ ಹೋಗಿ ಬಂದ ಮುಂದಿನ ವರ್ಷ. ಪರ್ತ್‌ನಿಂದ ಅಕ್ಕ, ಬ್ರಿಸ್ಬೇನ್‌ನಿಂದ ತಮ್ಮ, ಅಡಿಲೇಡ್‌ನಿಂದ ನಾನು, ಆಗಿನ್ನೂ ಮೈಸೂರಿನಲ್ಲೇ ಇದ್ದ ಅಮ್ಮನನ್ನು ಕರೆದುಕೊಂಡು. ಹಡಗಿನಲ್ಲಿ ಅಮ್ಮ ಮೊಸರು, ಬ್ರೆಡ್ಡು ಮತ್ತು ತಾನೇ ತಂದಿದ್ದ ಚಟ್ನಿಪುಡಿಯ ಮೇಲೆ ದಿನ ಕಳೆಯುತ್ತಿದ್ದಳು. ಡೆಕ್ಕಿನ ಮೇಲೆ ಕೂತು ನೀರು ನೋಡುವಳು. ಯಾವ ಊರು ಬಂದರೂ “ನೀವು ಹೋಗಿಬನ್ನಿ” ಅನ್ನುವಳು.

ಆ ದ್ವೀಪ ಚಿಕ್ಕದು. ಹೆಸರು ಹೇಳುವುದಿಲ್ಲ, ಏಕೆಂದರೆ ನಾನು ಹೇಳುವ ಹೆಸರು ಒಂದು, ಅಕ್ಕ ಹೇಳುವುದು ಇನ್ನೊಂದು. ದಡಕ್ಕೆ ಹಡಗು ಹೋಗುವಷ್ಟು ಆಳವಿರಲಿಲ್ಲ. ದೂರದಲ್ಲೇ ಲಂಗರು ಹಾಕಿ ಸಣ್ಣ ದೋಣಿಗಳಲ್ಲಿ ಜನರನ್ನು ಇಳಿಸುತ್ತಿದ್ದರು. ಅವತ್ತು ಭಾನುವಾರ. ಗುಡ್ಡದ ಮೇಲಿನ ಬಿಳಿ ಚರ್ಚಿನಿಂದ ಗಂಟೆ ಕೇಳಿಸಿತು. ಅಮ್ಮ ತಾನಾಗಿಯೇ ಎದ್ದಳು.

“ಊರಿಗೆ ಬಂದು ಊರ ದೇವರನ್ನ ನೋಡ್ದೆ ಹೋಗೋದಾ?”

ದಡ ಸೇರಿದ್ದೇ ತಮ್ಮ ಒಂದು ಕಾಫಿ ಅಂಗಡಿಯಲ್ಲಿ ಬೀಡುಬಿಟ್ಟ. ಹಡಗಿನಲ್ಲಿ ಇಂಟರ್ನೆಟ್ಟು ದುಬಾರಿ, ಅಲ್ಲಿ ಪುಕ್ಕಟೆ. “ನೀವು ದೇವರನ್ನ ಹುಡುಕಿ, ನಾನು ವೈ-ಫೈ ಹುಡುಕ್ತೀನಿ” ಅಂದ. ನಾವು ಮೂವರು ಕಲ್ಲು ಹಾಸಿದ ಓಣಿ ಹತ್ತಿದೆವು. ಎರಡೂ ಕಡೆ ಸುಣ್ಣ ಬಳಿದ ಗೋಡೆ, ನೀಲಿ ಬಾಗಿಲು, ಮುಚ್ಚಿದ ಅಂಗಡಿ. ಅಮ್ಮ ತಿರುವು ತಿರುವಿನಲ್ಲೂ ನಿಂತು ಉಸಿರು ತೆಗೆದುಕೊಂಡಳು.

ಚರ್ಚಿನ ಬಾಗಿಲಲ್ಲಿ ಅಮ್ಮ ಚಪ್ಪಲಿ ಬಿಟ್ಟಳು. ಬೇಡಮ್ಮ, ಇಲ್ಲಿ ಹಾಗಿಲ್ಲ ಎಂದು ಅಕ್ಕ ಹೇಳಿದರೂ ಕೇಳಲಿಲ್ಲ. “ನೀನು ಹೇಗೂ ಒಳಗೆ ಬರಲ್ಲ. ನೋಡ್ಕೊ” ಅಂತ ನನಗೆ ಒಪ್ಪಿಸಿ ಅಕ್ಕನ ಜೊತೆ ಒಳಗೆ ಹೋದಳು. ಹೊರಗೆ ಒಂದು ಗಿಡ್ಡ ಗೋಡೆ, ಅದರ ಪಕ್ಕ ಒಂದು ಮರ. ಆ ಗೋಡೆಯ ಮೇಲೆ ಚಪ್ಪಲಿ ಕಾಯುತ್ತಾ ಕೂತೆ.

ಜನ ಹೊರಗೆ ಬರತೊಡಗಿದಾಗ ಬಾಗಿಲ ಬಳಿ ಕಪ್ಪು ಬಟ್ಟೆಯ ಹೆಂಗಸೊಬ್ಬಳು ತಟ್ಟೆ ಹಿಡಿದು ನಿಂತಳು. ತಟ್ಟೆಯ ತುಂಬ ಸಣ್ಣ ಸಣ್ಣ ಕಾಗದದ ಪೊಟ್ಟಣ. ಬಂದವರಿಗೆಲ್ಲ ಒಂದೊಂದು ಕೊಡುತ್ತಿದ್ದಳು. ಅಮ್ಮನಿಗೂ ಒಂದು ಚಾಚಿದಳು. ಅಮ್ಮ ಎಡಗೈ ಮೇಲೆ ಬಲಗೈ ಇಟ್ಟು ತಗೊಂಡು ಕಣ್ಣಿಗೊತ್ತಿಕೊಂಡಳು. ಆ ಹೆಂಗಸು ಒಂದು ಗಳಿಗೆ ಅಮ್ಮನನ್ನೇ ನೋಡುತ್ತಾ ನಿಂತಳು. ಅಮ್ಮ ಬರಿಗಾಲಲ್ಲೇ ನನ್ನ ಬಳಿ ಬಂದು ಗೋಡೆಯ ಮೇಲೆ ಕೂತಳು. ಸುತ್ತಲಿನವರು ಪೊಟ್ಟಣ ಬಿಡಿಸಿ ತಿನ್ನುತ್ತಿದ್ದುದನ್ನು ಕಂಡು ಮುಖ ಅರಳಿತ್ತು.

“ಗುಗ್ಗರಿ ಕಣೋ. ಗೋಧಿ ಗುಗ್ಗರಿ. ನಮ್ಮಲ್ಲಿ ಥರಾನೇ ಪ್ರಸಾದ ಕೊಡ್ತಾರೆ.”

ಹತ್ತಿರವೇ ನಿಂತಿದ್ದ ವಯಸ್ಸಾದ ಗಂಡಸೊಬ್ಬ ಎಲ್ಲಿಂದ ಬಂದಿರಿ ಎಂದು ಇಂಗ್ಲಿಷಿನಲ್ಲಿ ಕೇಳಿದ. ಅಡಿಲೇಡ್ ಅಂದೆ. “ಅಡಿಲೇಡ್! ಗೆಟ್ ಔಟ್ ಆಫ್ ಇಟ್, ಮೇಟ್!” ಎಂದು ನನ್ನ ಬೆನ್ನಿಗೆ ಹೊಡೆದ. ಅಡಿಲೇಡ್‌ನಲ್ಲಿ ವರ್ಷಾನುಗಟ್ಟಲೆ ಮೀನು ಕರಿದು ಮಾರುವ ಅಂಗಡಿ ನಡೆಸಿ ಮುಪ್ಪಿಗೆ ಊರಿಗೆ ಮರಳಿದವನಂತೆ. ಆ ಕಪ್ಪು ಬಟ್ಟೆಯ ಹೆಂಗಸು ಅವನ ತಂಗಿ. ಅವಳ ಗಂಡ ತೀರಿಕೊಂಡು ಅಂದಿಗೆ ನಲವತ್ತನೆಯ ದಿನ. ಸತ್ತವನ ಹೆಸರಲ್ಲಿ ಗೋಧಿ ಬೇಯಿಸಿ ಸಕ್ಕರೆ, ಬಾದಾಮಿ ಬೆರೆಸಿ ಹಂಚುತ್ತಾರೆ. ತಿನ್ನುವವರು “ದೇವರು ಅವನನ್ನು ಕ್ಷಮಿಸಲಿ” ಅನ್ನಬೇಕು.

ಅಮ್ಮನಿಗೆ ಅಷ್ಟನ್ನೂ ಹೇಳಿದೆ.

“ಪಾಪ, ಏನು ತಪ್ಪು ಮಾಡಿದ್ನಂತೆ?” ಅಂದಳು.

ಏನು ಹೇಳಿದರು ಎಂದು ಅವನು ಕೇಳಿದ. ಅಕ್ಕ ಮುಂದೆ ಬಂದು, ಅವರಿಗೆ ತುಂಬ ಬೇಜಾರಾಯಿತಂತೆ ಎಂದಳು. ಆಮೇಲೆ ಅಮ್ಮನ ಕಡೆ ತಿರುಗಿ ತಗ್ಗಿದ ದನಿಯಲ್ಲಿ, “ಅಮ್ಮ, ಇದು ಪ್ರಸಾದ ಅಲ್ಲ, ತಿಥಿ ಊಟ ಇದ್ದಂಗೆ. ಯಾರ ಮನೇದೋ ಏನೋ. ತಿನ್ಬೇಡ, ಸುಮ್ನೆ ಕೈಲಿಟ್ಕೊ” ಅಂದಳು. ಅಮ್ಮ ಪೊಟ್ಟಣ ಬಿಡಿಸಿ ನೋಡಿದಳು. ಗೋಧಿಯ ಜೊತೆ ಕೆಂಪಗೆ ದಾಳಿಂಬೆ ಕಾಳು ಇದ್ದವು. ಮತ್ತೆ ಮಡಿಸಿ ಕೈಯಲ್ಲಿ ಹಿಡಿದುಕೊಂಡಳು.

ಆಗ ಆ ಹೆಂಗಸು ಖಾಲಿ ತಟ್ಟೆ ಹಿಡಿದುಕೊಂಡು ನಮ್ಮ ಬಳಿಗೇ ಬಂದು ಅಮ್ಮನ ಪಕ್ಕ ಕೂತಳು. ಅಮ್ಮ ಅವಳಿಗೆ ಕನ್ನಡದಲ್ಲೇ, “ನಮ್ಮ ಯಜಮಾನ್ರೂ ಹೋದ್ರಮ್ಮ” ಅಂದಳು. ಯಾರೂ ಅನುವಾದ ಮಾಡಲಿಲ್ಲ. ಆ ಹೆಂಗಸು ಅಮ್ಮನ ಮುಂಗೈ ಹಿಡಿದುಕೊಂಡಳು.

ಇಲ್ಲಿಯವರೆಗೆ ಅಕ್ಕನೂ ನಾನೂ ಒಂದೇ. ಇನ್ನು ಮುಂದಿನದು ನನ್ನ ನೆನಪು. ಅಮ್ಮ ಪೊಟ್ಟಣದಲ್ಲಿದ್ದುದನ್ನು ಅಂಗೈಗೆ ಸುರಿದುಕೊಂಡಳು. ತಿನ್ನುವ ಮುಂಚೆ ನನ್ನ ಕಡೆ ನೋಡಿ, “ಬಿಟ್ಟಿದ್ದು ನಾನು ಕಣೋ. ಕೊಡ್ತಿರೋಳು ಅವಳು. ಸತ್ತೋರ ಹೆಸರಲ್ಲಿ ಕೊಟ್ಟಿದ್ದನ್ನ ಬೇಡ ಅನ್ನಕ್ಕಾಗತ್ತಾ?” ಅಂದಳು. ಆಮೇಲೆ ಕಾಳು ಸಹಿತ ಎಲ್ಲವನ್ನೂ ತಿಂದು, ಹೊದ್ದಿದ್ದ ಕಂದು ಶಾಲಿನ ಅಂಚಿನಿಂದ ಬಾಯಿ ಒರೆಸಿಕೊಂಡಳು.

ಫೋನಿನಲ್ಲಿ ಅಕ್ಕ ಇದನ್ನು ಪೂರ್ತಿ ಕೇಳಿ ಹೇಳಿದಳು, “ಆ ಮಾತು ಅಮ್ಮಂದಲ್ಲ. ನಿನ್ನದು. ಅಮ್ಮ ಯಾವತ್ತು ಹಾಗೆ ಲೆಕ್ಕ ಹಾಕಿ ಮಾತಾಡಿದಾಳೆ?”

ಅಕ್ಕನ ನೆನಪಿನಲ್ಲಿ ಅಮ್ಮ ಒಂದೂ ಮಾತಾಡಲಿಲ್ಲ. ಗೋಧಿಯನ್ನು ಮಾತ್ರ ತಿಂದಳು, ಆ ಹೆಂಗಸಿಗೆ ನೋವಾಗಬಾರದೆಂದು. ದಾಳಿಂಬೆ ಕಾಳುಗಳನ್ನು ಆರಿಸಿ ಅಕ್ಕನ ಕೈಗೆ ಹಾಕಿದಳು. ಅಕ್ಕ ಅವನ್ನು ಮರದ ಬುಡದಲ್ಲಿ ಹಾಕಿದಳು. ಗುಬ್ಬಚ್ಚಿಗಳು ಬಂದವು.

“ನಿನಗೆ ಯಾವುದ್ರಲ್ಲೂ ನಂಬಿಕೆ ಇಲ್ಲ, ಸರಿ. ಅದಕ್ಕೆ ಅಮ್ಮನ್ನೂ ನಿನ್ನ ಥರ ಮಾಡ್ಬೇಡ,” ಅಂದಳು. ಆಮೇಲೆ ದನಿ ತಗ್ಗಿಸಿ, “ನೋಡು, ಅಮ್ಮಂಗೆ ನಮ್ಮ ಮುಖಗಳೂ ಮರೀತಾ ಇದೆ. ಅಪ್ಪನಿಗೋಸ್ಕರ ಅವಳು ತಾನಾಗೇ ಹಿಡ್ಕೊಂಡಿದ್ದು ಅದೊಂದೇ. ಅವಳು ಮರೆತ್ಲು ಅಂತ ನಾವೂ ಮರೀಬೇಕಾ? ಅವಳ ಬದಲು ಯಾರಾದ್ರೂ ನೆನಪಿಟ್ಕೋಬೇಕಲ್ವಾ?” ಅಂದಳು.

ಆಮೇಲೆ ಮಾಡ್ತೀನಿ ಎಂದು ಫೋನು ಇಟ್ಟೆ.

ತಮ್ಮನನ್ನು ಕೇಳಿದೆ. ಅವನು ಆಗ ಬ್ರಿಸ್ಬೇನ್ ಹೊರವಲಯದ ಸ್ಪ್ರಿಂಗ್‌ಫೀಲ್ಡ್ ಲೇಕ್ಸ್‌ನ ಮನೆಗೆ ಹೋಗುವ ರೈಲಿನಲ್ಲಿದ್ದ. ಹಿನ್ನೆಲೆಯಲ್ಲಿ ನಿಲ್ದಾಣಗಳ ಹೆಸರು ಕೂಗುವುದು ಕೇಳಿಸುತ್ತಿತ್ತು.

“ಅಣ್ಣ, ನಾನು ಅಲ್ಲಿರಲೇ ಇಲ್ವಲ್ಲ. ದೋಣಿ ಹತ್ತುವಾಗ ‘ನನ್ನ ಪಾಲಿನ ಪ್ರಸಾದ ಎಲ್ಲಮ್ಮ’ ಅಂದೆ. ‘ಖಾಲಿ ಆಯ್ತು ಹೋಗೋ, ವೈ-ಫೈ ತಿನ್ನು’ ಅಂದ್ಲು. ಅಷ್ಟೇ ಗೊತ್ತು. ಖಾಲಿ ಅಂದ್ರೆ ತಿಂದು ಖಾಲಿನೋ, ಗುಬ್ಬಚ್ಚಿಗೆ ಹಾಕಿ ಖಾಲಿನೋ, ನೀವಿಬ್ರೇ ಹೇಳ್ಬೇಕು.” ಮತ್ತೆ ಅಂದ, “ಹಾಗಲಕಾಯಿ ಆಗಿದ್ರೆ ಈ ಗಲಾಟೆನೇ ಇರ್ತಿರ್ಲಿಲ್ಲ ನೋಡು.”

ಮಾರನೆಯ ದಿನ ಅಕ್ಕ ಒಂದು ಫೋಟೋ ಕಳಿಸಿದಳು. ಗೋಡೆಯ ಮೇಲೆ ಅಮ್ಮ, ಪಕ್ಕದಲ್ಲಿ ಆ ಹೆಂಗಸು. ಅಮ್ಮನ ಕೈಯಲ್ಲಿ ಪೊಟ್ಟಣ ಇನ್ನೂ ಮಡಿಸಿಯೇ ಇದೆ. ನಮ್ಮ ಜಗಳಕ್ಕೆ ಅದರಿಂದ ಏನೂ ತೀರ್ಮಾನವಾಗುವ ಹಾಗಿರಲಿಲ್ಲ. ಆದರೂ ಬಹಳ ಹೊತ್ತು ನೋಡಿದೆ. ಆಮೇಲೆ ಕಣ್ಣಿಗೆ ಬಿತ್ತು. ಅಮ್ಮನ ಮೈಮೇಲೆ ಶಾಲು ಇರಲಿಲ್ಲ. ಬಿಸಿಲು ಹಾಗಿತ್ತು, ತೆಳು ಹತ್ತಿ ಸೀರೆ, ತಲೆಗೆ ಅಕ್ಕನ ಬಿಳಿ ಟೋಪಿ. ಆ ಕಂದು ಶಾಲು ನಾನು ಕೊಡಿಸಿದ್ದು. ಅಮ್ಮ ನಮ್ಮ ಜೊತೆಯೇ ಇರಲು ಬಂದ ಮೊದಲ ಚಳಿಗಾಲ, ಮಾಡ್ಬರಿಯ ಶಾಪಿಂಗ್ ಸೆಂಟರಿನಲ್ಲಿ. ಅದು ಪ್ರವಾಸವೆಲ್ಲ ಮುಗಿದು ವರ್ಷಗಳಾದ ಮೇಲೆ.

ಶಾಲಿನ ಅಂಚಿನಿಂದ ಅಮ್ಮ ಬಾಯಿ ಒರೆಸಿಕೊಂಡದ್ದು ನನ್ನ ಕಣ್ಣಿಗೆ ಈಗಲೂ ಕಟ್ಟಿದಂತಿದೆ. ಅದು ಆ ದಿನದ್ದಲ್ಲವಾದರೆ ಅದಕ್ಕೆ ಅಂಟಿಕೊಂಡ ಮಿಕ್ಕದ್ದು ಯಾವ ದಿನದ್ದು? ಒಂದು ಕಡೆ ತಪ್ಪು ತೋರಿಸಿದ ಉಪಕರಣವನ್ನು ಉಳಿದ ಕಡೆ ಸರಿಯಿದ್ದೀತು ಎಂದು ನಾನು ಎಂದೂ ಪಾಸು ಮಾಡಿದವನಲ್ಲ. ಅಮ್ಮನಿಗೆ ಹಣ್ಣು ಕೊಡುವ ಆಸೆ ನನಗೆ ಮೊದಲೇ ಇತ್ತು. ಆ ಆಸೆಗೆ ಬೇಕಾದ ಸಾಕ್ಷಿಯನ್ನು ನನ್ನ ತಲೆಯೇ ಹೊಲಿದು ಕೊಟ್ಟಿತೇನೋ. ಅಕ್ಕನ ಗುಬ್ಬಚ್ಚಿಗಳೂ ಹಾಗೆಯೇ ಬಂದವೋ ಏನೋ, ಅದನ್ನು ನಾನು ಹೇಳಲಾರೆ. ಅವಳ ಕೈ ಅಂಟಂಟಾಗಿತ್ತು ಎಂಬುದಕ್ಕೆ ಫೋಟೋ ಇಲ್ಲ.

ಹಾಗಾಗಿ ದ್ವೀಪವನ್ನು ಪಕ್ಕಕ್ಕಿಟ್ಟೆ. ಅಮ್ಮನನ್ನೇ ಕೇಳೋಣ ಅನ್ನಿಸಿತು. ಬೆಳಗಿನ ಕಾಫಿಯ ಹೊತ್ತಿಗೆ ಅವಳ ಮನಸ್ಸು ಕೊಂಚ ತಿಳಿಯಾಗಿರುತ್ತದೆ. ಇರುವ ವಿಷಯವನ್ನೆಲ್ಲ ಹೇಳಿ ಅವಳಿಗೇ ಬಿಟ್ಟರೆ ಅದಕ್ಕಿಂತ ನ್ಯಾಯವಾದದ್ದು ಏನಿದೆ? ಹಾಗೆಂದು ನಾನು ನಿಜವಾಗಿ ನಂಬಿದ್ದೆ. ಗರಾಜಿನಿಂದ ಹಣ್ಣು ತಂದು ಮೇಜಿನ ಮೇಲಿಟ್ಟೆ.

“ದಾಳಿಂಬೆ!” ಅಂದಳು. “ಬಿಡಿಸ್ಕೊಡು.”

“ಅಮ್ಮ, ನೀನು ಇದನ್ನ ಬಿಟ್ಟಿದೀಯ. ಗಯೆಯಲ್ಲಿ. ಇನ್ನು ತಿನ್ನಲ್ಲ ಅಂದಿದ್ದೆ. ಈಗ ತಿಂತೀಯಾ? ನೀನು ಹೇಳಿದಂಗೆ ಮಾಡ್ತೀನಿ.”

ಅಮ್ಮ ನನ್ನ ಮುಖ ನೋಡಿದಳು. “ಗಯೆಗೆ ನಾನ್ಯಾಕೆ ಹೋಗ್ಲಿ?”

ಆ ಪ್ರಶ್ನೆ ಬರುತ್ತದೆಂದು ನನಗೆ ಹೊಳೆದಿರಲಿಲ್ಲ. ಇಷ್ಟು ದಿನ ಹಣ್ಣಿನ ಬಗ್ಗೆ, ಮಾತಿನ ಬಗ್ಗೆ, ನೆನಪಿನ ಬಗ್ಗೆ ತಲೆ ಕೆಡಿಸಿಕೊಂಡವನಿಗೆ ಇಷ್ಟು ಸಣ್ಣದು ಕಾಣಲಿಲ್ಲ. ವ್ರತವನ್ನು ಹೇಳಬೇಕಾದರೆ ಯಾಕೆ ಎಂಬುದನ್ನೂ ಹೇಳಬೇಕು. ಮಾತು ತಿರುಗಿಸಲು ನೋಡಿದೆ. ಆದರೆ ಅಮ್ಮ ಬಿಡಲಿಲ್ಲ.

“ಯಾರಿಗೆ ಪಿಂಡ ಹಾಕಕ್ಕೆ ಹೋಗಿದ್ದೆ? ಹೇಳೋ. ಯಾರು ಹೋದ್ರು?”

ನಾನು ಹಣ್ಣನ್ನು ಮೇಜಿನಿಂದ ಎತ್ತಿಕೊಂಡೆ. ಅವಳು ಬಾಗಿಲ ಕಡೆ ನೋಡಿದಳು, ವಾಕಿಂಗ್ ಹೋದವರು ಬರುವ ಬಾಗಿಲು ಅದು. ಆಮೇಲೆ ಮತ್ತೆ ನನ್ನ ಕಡೆ ನೋಡಿದಳು.

“ನಿಮ್ಮಪ್ಪ?”

ಹೌದು ಅಂದೆ. ಸುಳ್ಳು ಹೇಳಲು ಬಾಯಿ ಬರಲಿಲ್ಲ.

ಅಮ್ಮ ಕೂಗಾಡಲಿಲ್ಲ. ಸೆರಗನ್ನು ಬಾಯಿಗೆ ಒತ್ತಿಕೊಂಡು ಕೂತಳು. “ನನಗ್ಯಾಕೆ ಯಾರೂ ಹೇಳಲಿಲ್ಲ?” ಅಂತ ಒಂದು ಸಲ ಕೇಳಿದಳು. ನನ್ನ ಹೆಂಡತಿ ಬಂದು “ಅತ್ತೆ, ಅತ್ತೆ” ಎಂದು ಬೆನ್ನು ಸವರುತ್ತಾ ನಿಂತಳು. ನಾನು ಹಣ್ಣನ್ನು ಎಲ್ಲಿಡಬೇಕೋ ತಿಳಿಯದೆ ಕೈಯಲ್ಲೇ ಹಿಡಿದಿದ್ದೆ. ಮಧ್ಯಾಹ್ನ ಅಮ್ಮ ಊಟ ಮಾಡಲಿಲ್ಲ. ಸಂಜೆ ನಿದ್ದೆ ಮಾಡಿ ಎದ್ದವಳು ಹೊರಗೆ ಬಂದು, “ನಿಮ್ಮಪ್ಪ ಇನ್ನೂ ಬರ್ಲಿಲ್ವಾ?” ಎಂದು ಕೇಳಿದಳು.

“ಬರ್ತಾರೆ” ಅಂದೆ.

ಮಾರನೆಯ ಬೆಳಿಗ್ಗೆ ಕಿಟಕಿಯ ಬಳಿಯಿಂದ ಅದೇ ದನಿ. “ದಾಳಿಂಬೆ ಹಣ್ಣಾಗಿದೆ ನೋಡೋ.”

ನಾನು ಹಿತ್ತಲಿಗೆ ಹೋಗಿ ಅಕ್ಕನಿಗೆ ಫೋನು ಮಾಡಿದೆ. ಹಿಂದಿನ ದಿನ ನಡೆದದ್ದನ್ನು ಬಿಡಿಸಿ ಹೇಳಿದೆ. ಅಮ್ಮನ ವ್ರತವನ್ನು ಅವಳ ಬದಲು ನಾವು ಕಾಯಬಹುದು, ಆದರೆ ಅವಳು ಕೇಳಿದಾಗಲೆಲ್ಲ ಬೇಡ ಅನ್ನಲು ಕಾರಣ ಹೇಳಬೇಕಾಗುತ್ತದೆ, ಕಾರಣ ಹೇಳಿದಾಗಲೆಲ್ಲ ಅಪ್ಪ ಹೊಸದಾಗಿ ಸಾಯುತ್ತಾರೆ ಎಂದೆ. ಆ ಕಡೆ ಅಕ್ಕ ಅಳುತ್ತಿದ್ದಳು.

“ಕೊಟ್ಬಿಡು,” ಅಂದಳು. ಮೂಗು ಒರೆಸಿಕೊಂಡಳು. “ಒಂದು ಕೇಳ್ತೀನಿ, ನಿಜ ಹೇಳು. ಅವತ್ತು ಅಮ್ಮ ತಿಂದಿದ್ದು ನೀನು ನೋಡಿದ್ಯಾ?”

ತಿಂದಳು ಅಂದುಬಿಟ್ಟರೆ ಅವಳ ಮನಸ್ಸು ಹಗುರವಾಗುತ್ತಿತ್ತು. ನಾನು ತಿಂದಳೆಂದು ಹೇಳಬೇಕೆಂದೇ ಅವಳು ಕೇಳಿದ್ದು.

“ಗೊತ್ತಿಲ್ಲ ಅಕ್ಕ,” ಅಂದೆ. “ನೋಡಿದೆ ಅಂತ ಅನ್ಕೊಂಡಿದ್ದೆ.”

“ನನಗೂ ಅಷ್ಟೇ ಕಣೋ,” ಅಂದಳು.

ಬೇಲಿಯ ಬಳಿ ಹೋಗಿ ಹೊಸದೊಂದು ಹಣ್ಣು ಕಿತ್ತೆ. ಅಡುಗೆಮನೆಯ ಮೇಜಿನ ಮೇಲೆ ಪೇಪರು ಹಾಸಿ ಕೂತೆ. ಅಪ್ಪ ಬಿಡಿಸುತ್ತಿದ್ದ ಹಾಗೆ ಸೀಳಲು ನೋಡಿದೆ, ಬರಲಿಲ್ಲ. ಎಷ್ಟೋ ಕಾಳು ಒಡೆದು ಅಂಗಿಗೆಲ್ಲ ರಸ ಹಾರಿತು. ಅಮ್ಮ ನಗುತ್ತಾ ನೋಡುತ್ತಿದ್ದಳು. “ಕೈಯಲ್ಲ, ಕಾಲು ನಿನ್ನದು. ನಿಧಾನ,” ಅಂದಳು. ಬಿಳಿ ಪೊರೆಯನ್ನು ತೆಗೆದು ಬಟ್ಟಲನ್ನು ಅವಳ ಮುಂದಿಟ್ಟೆ.

ಕಾಳುಗಳನ್ನು ಎರಡೆರಡಾಗಿ ಬಾಯಿಗೆ ಹಾಕಿಕೊಂಡಳು. ನಾನು ಕಣ್ಣು ತೆಗೆಯದೆ ನೋಡಿದೆ. ಈ ಸಲ ಸರಿಯಾಗಿ ನೋಡಬೇಕು ಅನ್ನಿಸಿತ್ತು. ಅವಳು ಉಟ್ಟದ್ದು ಹಸಿರು ಸೀರೆ, ಮೇಲೆ ಆ ಕಂದು ಶಾಲು. ಬಾಯಿ ಒರೆಸಿಕೊಂಡದ್ದು ಕೈಯಿಂದ.

ಅರ್ಧಕ್ಕೆ ನಿಲ್ಲಿಸಿ ಬಟ್ಟಲನ್ನು ನನ್ನ ಕಡೆ ತಳ್ಳಿದಳು.

“ನಿಮ್ಮಪ್ಪಂಗಿರ್ಲಿ.”

ಬಟ್ಟಲಿನ ಮೇಲೊಂದು ತಟ್ಟೆ ಮುಚ್ಚಿ ಫ್ರಿಜ್ಜಿನಲ್ಲಿಟ್ಟೆ.